ಕೋಟೆಗೋಡೆಯ ಮೇಲಿನ ಮನೆ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಉಮ್ಮ ಬೀಡಿ ಕಟ್ಟಿದಳು, ನಾನು ಬಂದರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊತ್ತೆ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ದಾಟಿದೆ. ಹಾಗಾಗಿ ಅರಬ್ ನಾಡಿನ ರಾಬಿಗ್‌ನಲ್ಲಿ, ನಮ್ಮ ಎಣ್ಣೆ ಸ್ಥಾವರದ ಕೆಲಸಗಾರರ ಕ್ಯಾಂಪಿನಲ್ಲಿ, ಯಾರಾದರೂ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡು ಎಂದರೆ ನನಗೆ ಒಳಗೊಳಗೇ ಖುಷಿ.

ನನ್ನ ರೂಮಿನಲ್ಲಿದ್ದ ವೆಲ್ಡರ್ ವಿಯೆಟ್ನಾಂನವನು, ಹುಎ ಎಂಬ ಹಳೆಯ ರಾಜಧಾನಿಯವನು. ನಮ್ಮಿಬ್ಬರ ನಡುವೆ ಇದ್ದದ್ದು ಕ್ಯಾಂಪಿನ ಹಿಂದಿ. ಒಂದು ಶುಕ್ರವಾರ ಅವನು ಫೋನಿನಲ್ಲಿ ಚಿತ್ರ ತೋರಿಸಿದ. ದಪ್ಪ ಇಟ್ಟಿಗೆ ಗೋಡೆ, ಅದರ ನೆತ್ತಿಯಲ್ಲಿ ತಗಡಿನ ಮನೆ.

“ರಾಜನ ಕೋಟೆ. ಮೇಲೆ ನನ್ನ ಮನೆ,” ಎಂದ. “ಮುಂದಿನ ತಿಂಗಳು ಕೆಡವುತ್ತಾರೆ. ಕೋಟೆ ರಿಪೇರಿ. ಅದಕ್ಕೆ ಮೊದಲು ಒಮ್ಮೆ ನೋಡಬೇಕು, ಭಾಯಿ. ರಜೆ ಬರೆದುಕೊಡು.”

ಕೇಳುತ್ತ ಹೋದಂತೆ ಕತೆ ಬಂತು. ಇನ್ನೂರು ವರ್ಷಗಳ ಹಿಂದೆ ರಾಜರು ಕಟ್ಟಿಸಿದ ಕೋಟೆ. ಯುದ್ಧದಲ್ಲಿ ಒಳಗಿನ ಅರಮನೆಯ ಹೆಚ್ಚಿನ ಭಾಗ ಉರುಳಿತು. ಸೂರಿಲ್ಲದವರು ಗೋಡೆಯ ಮೇಲೆಯೇ ಮನೆ ಕಟ್ಟಿಕೊಂಡರು. ಅವನ ಅಜ್ಜನೂ ಒಬ್ಬ. ಈಗ ಸರಕಾರ ಅವರಿಗೆ ಬೇರೆ ಜಾಗ ಕೊಟ್ಟು ಗೋಡೆ ಸರಿಮಾಡಿಸುತ್ತಿತ್ತು. ತಂಗಿಯ ಸಂಸಾರ ಆಗಲೇ ಹೊಸ ಮನೆಗೆ ಹೋಗಿತ್ತು.

ನಾನು ಎರಡು ಪುಟ ಬರೆದೆ. ರಾಜವಂಶ, ಕಂದಕ, ಯುದ್ಧ, ಜೀರ್ಣೋದ್ಧಾರ, ಎಲ್ಲ ಹಾಕಿದೆ. ಮನೆಯ ವಿಷಯ ಕೊನೆಯ ಸಾಲಿನಲ್ಲಿ ಬಂತು. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ; ಅಷ್ಟು ಉದ್ದ ನೋಡಿ ಎರಡೂ ಕೈಯಲ್ಲಿ ತೆಗೆದುಕೊಂಡ.

ಆಫೀಸಿನಲ್ಲಿ ರಜೆಯ ಕಾಗದ ನೋಡುವವರು ಉಡುಪಿ ಕಡೆಯವರು. ಮರುದಿನ ನನ್ನನ್ನು ಕರೆದರು.

“ಎಂತ ಮಾರಾಯ, ರಜೆ ಕೇಳಿದ್ದಾ, ಇತಿಹಾಸ ಪಾಠ ಮಾಡಿದ್ದಾ? ಕೋಟೆ ನೋಡ್ಲಿಕ್ಕೆ ಹೋಗುವವ ಶಟ್‌ಡೌನ್ ಮುಗಿಸಿ ಹೋಗ್ಲಿ ಅಂತ ಬರ್ದಿದ್ದಾರೆ ಮ್ಯಾನೇಜರ್.”

“ಅಲ್ಲ ಕಾಕ, ಒಡಿಯೋದು ಅವನ ಮನೆಯನ್ನೇ.”

“ಹಾಗಾದ್ರೆ ಅದನ್ನೇ ಮೇಲೆ ಬರೀಬೇಕಿತ್ತಲ್ವಾ? ಎರಡನೇ ಪುಟ ಇಲ್ಲಿ ಯಾರು ಓದ್ತಾರೆ?”

ಮೂರು ಸಾಲಿನ ಹೊಸ ಅರ್ಜಿ ಹಾಕಿದೆ. ಅಷ್ಟರಲ್ಲಿ ಶಟ್‌ಡೌನ್ ಶುರುವಾಗಿ, ಸ್ಥಾವರ ನಿಲ್ಲಿಸಿ ದುರಸ್ತಿ ಮಾಡುವ ಆ ದಿನಗಳಿಗೆ ಎಲ್ಲರ ರಜೆಯೂ ನಿಂತುಹೋಯಿತು.

ಮನೆ ಕೆಡವುವುದನ್ನು ಅವನು ಊಟದ ಬಿಡುವಿನಲ್ಲಿ ಫೋನಿನಲ್ಲಿ ನೋಡಿದ. ಆಚೆ ಕಡೆಯಿಂದ ತಂಗಿ ತೋರಿಸುತ್ತಿದ್ದಳು. ನನಗೂ ಕಾಣಲಿ ಎಂದು ಫೋನನ್ನು ಸ್ವಲ್ಪ ನನ್ನ ಕಡೆ ತಿರುಗಿಸಿ ಹಿಡಿದಿದ್ದ. “ಅದು ಅಡುಗೆಮನೆ,” ಎಂದ. ನನ್ನ ಮೇಲೆ ರೇಗಲಿಲ್ಲ. ಆದರೆ ಕೆಲಸ ಬಿಟ್ಟು ಊರಿಗೆ ಮರಳುವ ಕಾಗದವನ್ನು ಪಕ್ಕದ ಬ್ಲಾಕಿನ ಡ್ರೈವರ್ ಹತ್ತಿರ ಬರೆಸಿದ.

ಅವನು ಹೋಗಿ ಎಂಟು ತಿಂಗಳಾಯಿತು. ಎದುರಿನ ಮಂಚಕ್ಕೆ ಇನ್ನೂ ಯಾರೂ ಬಂದಿಲ್ಲ. ಮೊನ್ನೆ ಅವನು ಒಂದು ಚಿತ್ರ ಕಳಿಸಿದ. ಇಟ್ಟಿಗೆಗಳ ನಡುವೆ ಹೊಸ ಗಾರೆ, ಗೋಡೆಯ ಮೇಲೆ ಬರೀ ಹುಲ್ಲು. ಎರಡು ಬೆರಳಲ್ಲಿ ಹಿಗ್ಗಿಸಿ ಅಡುಗೆಮನೆ ಎಲ್ಲಿತ್ತೆಂದು ಹುಡುಕಿದೆ, ಗುರುತು ಸಿಗಲಿಲ್ಲ. ಗೋಡೆ ಚೆಂದ ಕಾಣುತ್ತಿತ್ತು. ಅಷ್ಟನ್ನೇ ಬರೆದು ಕಳಿಸಲು ಇನ್ನೂ ಆಗಿಲ್ಲ.