ಅವ್ವನ ಹೆಸರಿನ ಕಡಲ ಪಾಚಿ

ನಾನು ಓದಿದ್ದು ಕಡಲ ಪಾಚಿ, ಪಾಠ ಮಾಡುವುದು ಹಾಸನದಲ್ಲಿ. ಇದನ್ನು ಹೇಳಿದಾಗಲೆಲ್ಲ ಎದುರಿನವರು ಹಾಸನದಲ್ಲೆಲ್ಲಿಯ ಕಡಲು ಎನ್ನುತ್ತಾರೆ. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಅಲ್ಲೊಂದು ಮದುವೆ ಮನೆಯಲ್ಲಿ ನೆಂಟರೊಬ್ಬರು, "ಪಾಚಿ ಅಂದ್ರೆ ಬಚ್ಚಲಲ್ಲಿ ಕಟ್ಕೊಳ್ಳುತ್ತಲ್ಲ, ಅದಾ?" ಎಂದು ಕೇಳಿದ್ದರು. ಹೆಚ್ಚುಕಮ್ಮಿ ಅದೇ ಎಂದಿದ್ದೆ. ಒಂದೇ ಕೋಶದ ಜೀವ, ಬರಿಗಣ್ಣಿಗೆ ಕಾಣುವುದಿಲ್ಲ, ಗಾಜಿನಂಥ ಚಿಪ್ಪಿನೊಳಗೆ ಬದುಕುತ್ತದೆ. ಡಯಾಟಮ್ ಎನ್ನುತ್ತಾರೆ. ಚಿಪ್ಪಿನ ಮೇಲಿನ ಗೆರೆ, ಚುಕ್ಕೆಗಳನ್ನು ನೋಡಿ ಇದು ಇಂಥದ್ದು, ಅದು ಅಂಥದ್ದು ಎಂದು ಬೇರೆ ಮಾಡುವುದು ನಾನು ಕಲಿತ ಕೆಲಸ.

ಕಲಿಸಿದವರು ನನ್ನ ಸಂಶೋಧನೆಯ ಗೈಡ್ ಮೇಡಂ. ಅರಕಲಗೂಡಿನ ಕಡೆ ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ಮನೆಯಿಂದ ಹೊರಟು, ಕರಾವಳಿಯ ಒಂದು ಅಧ್ಯಯನ ಕೇಂದ್ರದಲ್ಲಿ ಇಡೀ ನೌಕರಿ ಕಳೆದವರು. ಮದುವೆಯಾಗಲಿಲ್ಲ. ಮಾತು ಕಡಿಮೆ, ಹೊಗಳುವುದು ಇನ್ನೂ ಕಡಿಮೆ. ನಾನು ತಿಂಗಳುಗಟ್ಟಲೆ ಕೂತು ಗುರುತಿಸಿದ್ದನ್ನು ನೋಡಿ, "ತಪ್ಪಿಲ್ಲ" ಅಂದರೆ ಅದೇ ದೊಡ್ಡದು. ಚಿಕ್ಕ ವಯಸ್ಸಿನಲ್ಲೇ ಅವರೊಂದು ಹೊಸ ಪ್ರಭೇದ ಕಂಡುಹಿಡಿದಿದ್ದರು. ಅಕ್ಕಿಕಾಳಿನ ಆಕಾರ, ಮೈಮೇಲೆ ಒತ್ತಾದ ಗೆರೆ. ಅದಕ್ಕೆ ತಮ್ಮ ತಾಯಿಯ ಹೆಸರನ್ನು ಲ್ಯಾಟಿನ್‌ಗೆ ಬಗ್ಗಿಸಿ ಇಟ್ಟಿದ್ದರು. ಆ ತಾಯಿ ಸಮುದ್ರ ನೋಡದೆಯೇ ತೀರಿಕೊಂಡವರು. ಅವರದೊಂದು ಫೋಟೋ ಕೂಡ ಉಳಿದಿರಲಿಲ್ಲ.

ನಾನು ಹಾಸನದ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ ಹೊತ್ತಿಗೆ ಮೇಡಂ ನಿವೃತ್ತರಾಗಿದ್ದರು. ಗ್ಲೂಕೋಮಾ ಅವರ ನೋಟವನ್ನು ಅಂಚಿನಿಂದ ತಿನ್ನುತ್ತಾ ಬಂದು ನಡುವೆ ಮಸುಕಾದೊಂದು ಕಿಂಡಿಯಷ್ಟೇ ಉಳಿಸಿತ್ತು. ಸ್ಲೈಡ್ ಪೆಟ್ಟಿಗೆಗಳು, ಇನ್ನೂ ನೋಡಿ ಮುಗಿಯದ ಸ್ಯಾಂಪಲ್ ಬಾಟಲಿಗಳು, ಸ್ವಂತದ ಹಳೆಯ ಮೈಕ್ರೋಸ್ಕೋಪ್, ಎಲ್ಲವನ್ನೂ ಕಟ್ಟಿಕೊಂಡು ಅವರು ಹೊಳೆನರಸೀಪುರದ ತಂಗಿಯ ಮನೆಗೆ ಬಂದರು. ತಂಗಿ ಪೇಟೆ ಬೀದಿಯಲ್ಲಿ ಬಳೆ ಅಂಗಡಿ ನಡೆಸುತ್ತಿದ್ದರು. ಗಂಡ ಇಲ್ಲ, ಮಗಳು ಮದುವೆಯಾಗಿ ಹಳ್ಳಿಮೈಸೂರಿನಲ್ಲಿದ್ದಳು. ನಾನು ಆಕೆಯನ್ನು ಚಿಕ್ಕವ್ವ ಎಂದು ಕರೆಯುತ್ತಿದ್ದೆ.

ಭಾನುವಾರ ಹಾಸನದಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ತಾಗಿ ಮೈಕ್ರೋಸ್ಕೋಪ್ ಇಟ್ಟಿತ್ತು. ನಾನು ಕಣ್ಣಿಟ್ಟು ನೋಡುವುದು, ಕಂಡದ್ದನ್ನು ಹೇಳುವುದು. ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತು ಕೇಳುವುದು.

"ಗೆರೆಗಳು ನೇರವಾಗಿವೆಯಾ, ಬೀಸಣಿಗೆ ಥರ ಬಿಚ್ಚಿಕೊಂಡಿವೆಯಾ?"

"ನಡುವೆ ನೇರ, ತುದಿಗೆ ಹೋಗ್ತಾ ಬಿಚ್ಚಿಕೊಳ್ಳುತ್ತೆ ಮೇಡಂ."

"ತುದಿಗೆ ಅಂದ್ರೆ ಎಲ್ಲಿಂದ? ಸರಿಯಾಗಿ ಹೇಳು."

ಹೀಗೆ ಹೇಳುತ್ತಾ ಕೇಳುತ್ತಾ ಒಂದು ಹೆಸರಿಗೆ ಬರುತ್ತಿದ್ದೆವು. ಕೆಲವು ಸಲ ಬರುತ್ತಿರಲಿಲ್ಲ. ಆಗ ಮೇಡಂ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ತಾವೇ ಒಮ್ಮೆ ನೋಡಿದ್ದರೆ ಗೊತ್ತಾಗಿಬಿಡುತ್ತಿತ್ತು ಎಂಬುದು ಅವರ ಮುಖದಲ್ಲಿರುತ್ತಿತ್ತು.

ಚಿಕ್ಕವ್ವನಿಗೆ ನಮ್ಮ ಕೆಲಸದಲ್ಲಿ ತಿಳಿದಿದ್ದು ಒಂದೇ. ಊಟಕ್ಕೆ ಬಡಿಸುವಾಗ, ಗಿರಾಕಿಗಳ ಕೈಗೆ ಬಳೆ ತೊಡಿಸುವಾಗ ಅದನ್ನೇ ಹೇಳುತ್ತಿದ್ದರು. "ನಮ್ಮವ್ವನ ಎಸ್ರು ಪರದೇಸದ ಪುಸ್ತಕದಾಗೆಲ್ಲ ಅದೆ ಕಣವ್ವ. ನಮ್ಮಕ್ಕನೇ ಇಟ್ಟಿದ್ದು."

ಒಂದು ಮಧ್ಯಾಹ್ನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಫೋನ್ ನೋಡುತ್ತಿದ್ದಾಗ, ಜೊತೆಯಲ್ಲಿ ಓದಿದ್ದ ಗೆಳತಿ ಕಳಿಸಿದ್ದ ಒಂದು ಸಂಶೋಧನಾ ಲೇಖನ ಸಿಕ್ಕಿತು. ಹೊರದೇಶದವರು ಬರೆದದ್ದು. ಅದನ್ನು ಅರ್ಥ ಮಾಡಿಕೊಳ್ಳಲು ಡಯಾಟಮ್‌ನ ಒಂದು ಗುಣ ತಿಳಿದಿರಬೇಕು. ಅದರ ಚಿಪ್ಪು ಸೋಪಿನ ಡಬ್ಬಿ ಇದ್ದಂತೆ, ಕೆಳಗೊಂದು ಭಾಗ, ಮೇಲೊಂದು ಮುಚ್ಚಳ. ಕೋಶ ಎರಡಾಗುವಾಗ ಒಂದೊಂದಕ್ಕೆ ಒಂದೊಂದು ಭಾಗ ಹೋಗುತ್ತದೆ. ಎರಡೂ ತಮಗೆ ಸಿಕ್ಕಿದ್ದನ್ನು ಮುಚ್ಚಳ ಮಾಡಿಕೊಂಡು, ಅದರೊಳಗೆ ಕೂರುವಂಥ ಇನ್ನೊಂದು ಭಾಗ ಕಟ್ಟಿಕೊಳ್ಳುತ್ತವೆ. ಹಾಗಾಗಿ ತಲೆಮಾರು ಕಳೆದಂತೆ ಕೆಳಭಾಗ ಸಿಕ್ಕವುಗಳ ಕವಲು ಕುಗ್ಗುತ್ತಾ ಹೋಗುತ್ತದೆ. ಕುಗ್ಗುವಾಗ ಆಕಾರವೂ ಬದಲಾಗುತ್ತದೆ. ದೋಣಿಯಂತೆ ಉದ್ದಕ್ಕೆ ಚೂಪಾಗಿದ್ದದ್ದು ಕೊನೆಗೆ ಮೊಂಡಾಗಿ ಅಕ್ಕಿಕಾಳಿನಂತಾಗಬಹುದು.

ಅವರು ದೋಣಿಯಂಥ ಹಳೆಯ ಪ್ರಭೇದವೊಂದನ್ನು ಲ್ಯಾಬಿನಲ್ಲಿ ಸಾಕಿ, ಅದು ಕುಗ್ಗುವುದನ್ನು ಕಾದು ನೋಡಿದ್ದರು. ಕೊನೆಗೆ ಉಳಿದ ಪುಟ್ಟ ರೂಪವೇ ಮೇಡಂ ಅವರ ಅಕ್ಕಿಕಾಳು. ಅದು ಬೇರೆ ಪ್ರಭೇದವಲ್ಲ, ಹಳೆಯದರದೇ ಸವೆದ ರೂಪ ಎಂದು ಬರೆದಿದ್ದರು. ಮೊದಲು ಇಟ್ಟ ಹೆಸರೇ ನಿಲ್ಲಬೇಕು ಎಂಬುದು ನಿಯಮ. ಮೇಡಂ ಇಟ್ಟ ಹೆಸರು ಬಿದ್ದುಹೋಯಿತು.

ನಾನು ಅದನ್ನು ಮೂರ್ನಾಲ್ಕು ಸಲ ಓದಿದೆ. ಎಲ್ಲಾದರೂ ಒಂದು ಲೋಪ ಸಿಗಬಹುದು ಎಂದು ಹುಡುಕಿದೆ. ಸಿಗಲಿಲ್ಲ. ಆ ವಾರವೆಲ್ಲ ತರಗತಿಯಲ್ಲಿ ಏನು ಹೇಳಿದೆನೋ ನನಗೇ ನೆನಪಿಲ್ಲ.

ಭಾನುವಾರ ಹೋಗಿ ಮೇಡಂಗೆ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಮುಗಿದ ಮೇಲೆ ಅವರು ಕೇಳಿದರು.

"ಮಧ್ಯದ ಗಾತ್ರದವುಗಳ ಚಿತ್ರ ಹಾಕಿದ್ದಾರಾ?"

"ಹಾಕಿದ್ದಾರೆ."

"ಗೆರೆಗಳ ಅಂತರ?"

"ದೊಡ್ಡದರಲ್ಲೂ ಚಿಕ್ಕದರಲ್ಲೂ ಒಂದೇ ಮೇಡಂ."

"ಅದು ಅವರ ಸಮುದ್ರದ್ದು. ನಮ್ಮ ಸ್ಲೈಡ್ ತೆಗಿ. ಅದರಲ್ಲಿ ಮಧ್ಯದ್ದು ಇದೆಯಾ ನೋಡು."

ಮೊದಲ ಸಲ ಆ ಹೆಸರು ಕೊಟ್ಟಾಗ ಆಧಾರವಾಗಿಟ್ಟುಕೊಂಡಿದ್ದ ಸ್ಲೈಡ್ ಅದು. ಅಂಚಿಗೆ ಹಳದಿ ತಿರುಗಿತ್ತು. ಮೂಲೆಯಿಂದ ಶುರುಮಾಡಿ ಸಾಲು ಸಾಲಾಗಿ ನೋಡುತ್ತಾ ಹೋದೆ. ಅಕ್ಕಿಕಾಳುಗಳು ಬೇಕಾದಷ್ಟಿದ್ದವು. ದೋಣಿಗಳಿರಲಿಲ್ಲ. ಮಧ್ಯದ್ದೂ ಸಿಗದಿದ್ದರೆ ನಮ್ಮ ಅಕ್ಕಿಕಾಳು ಬೇರೆಯೇ ಎನ್ನಬಹುದಿತ್ತು. ಹೊರಗೆ ಚಿಕ್ಕವ್ವ ಯಾರ ಹತ್ತಿರವೋ ಗಾಜಿನ ಬಳೆಗೆ ಚೌಕಾಸಿ ಮಾಡುತ್ತಿದ್ದರು. ಊಟದ ಹೊತ್ತು ಮೀರಿ, ಸ್ಲೈಡಿನ ಇನ್ನೊಂದು ಅಂಚಿಗೆ ಬಂದಾಗ, ಒಂದು ಕಸದ ಚೂರಿನ ಪಕ್ಕ ಅದು ಸಿಕ್ಕಿತು. ಪೂರ್ತಿ ದೋಣಿಯೂ ಅಲ್ಲ, ಕಾಳೂ ಅಲ್ಲ. ತುದಿಗಳು ಇನ್ನೂ ಸ್ವಲ್ಪ ಮುಂದೆ ಚಾಚಿದ್ದವು. ಗೆರೆಗಳು ಅವೇ.

ನಾನು ಕಣ್ಣು ತೆಗೆಯದೆ ಹಾಗೇ ಕೂತಿದ್ದೆ.

"ಇದೆ ಅಲ್ವಾ?" ಎಂದರು ಮೇಡಂ.

"ಇದೆ ಮೇಡಂ. ಒಂದೇ."

"ಒಂದಿದ್ರೆ ಸಾಕು. ನಾನು ಆಗ ಆ ಅಂಚನ್ನ ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ" ಎಂದರು.

ಚಿಕ್ಕವ್ವ ಬಾಗಿಲಲ್ಲಿ ನಿಂತಿದ್ದರು. ಊಟಕ್ಕೆ ಕರೆಯಲು ಬಂದವರಿಗೆ ಎಷ್ಟು ಕೇಳಿಸಿತ್ತೋ. ಏನಾಯ್ತು ಎಂದು ಕೇಳಿದರು. ಮೇಡಂ ನೇರವಾಗಿ ಹೇಳಿದರು: ಅವ್ವನ ಹೆಸರಿನದು ಬೇರೆ ಜಾತಿಯಲ್ಲವಂತೆ, ಇನ್ನು ಮುಂದೆ ಆ ಹೆಸರು ನಡೆಯುವುದಿಲ್ಲ.

"ತೆಗೆದಾಕ್ಬುಟ್ರಾ?"

"ಹೂಂ."

ಚಿಕ್ಕವ್ವ ನನ್ನ ಕಡೆ ತಿರುಗಿದರು. "ಅವ್ಳಿಗಂತೂ ಕಣ್ಣು ಕಾಣಾಕಿಲ್ಲ. ನೋಡ್ದೋಳು ನೀನು. ಕಾಣ್ನಿಲ್ಲ ಅಂದ್ಬುಟ್ಟಿದ್ರೆ ಏನಾಗದು?"

ಮೇಡಂ ಹೇಳಿದರು, "ಅವಳು ಹಂಗಂದಿದ್ರೆ ಇಷ್ಟು ದಿನ ಅವಳು ಹೇಳಿದ್ದು ಯಾವುದನ್ನೂ ನಾನು ನಂಬೋ ಹಂಗಿರ್ಲಿಲ್ಲ ಕಣೆ. ಇದ್ದಿದ್ದನ್ನ ಹೇಳಿದಾಳೆ. ಅನ್ನ ಹಾಕು."

ಆ ದಿನ ಊಟ ಯಾರಿಗೂ ಸೇರಲಿಲ್ಲ. ಚಿಕ್ಕವ್ವ ಅವ್ವನ ಹೆಸರನ್ನು ಮತ್ತೆಂದೂ ಎತ್ತಲಿಲ್ಲ. ಗಿರಾಕಿಗಳ ಮುಂದೆ ಹೇಳುವುದನ್ನೂ ಬಿಟ್ಟರು. ಅಕ್ಕತಂಗಿಯರ ನಡುವೆ ಜಗಳವೇನೂ ಇರಲಿಲ್ಲ. ಕಾಫಿ ಕೊಡುವುದು, ಕಣ್ಣಿಗೆ ಔಷಧಿ ಬಿಡುವುದು ಎಲ್ಲ ನಡೆಯುತ್ತಿತ್ತು, ಮಾತು ಮಾತ್ರ ಅಷ್ಟಕ್ಕೇ ನಿಂತಿತ್ತು.

ನಾನು ಹೋದಾಗ ಮೇಡಂ, "ಇವತ್ತು ಬೇಡ" ಎನ್ನತೊಡಗಿದರು. ಸ್ಯಾಂಪಲ್ ಬಾಟಲಿಗಳು ಕಿಟಕಿಯ ಕೆಳಗೆ ಧೂಳು ಹಿಡಿದವು. ಕಾಲೇಜು ಹೇಗಿದೆ, ಮಕ್ಕಳು ಓದುತ್ತಾರಾ ಎಂದು ಕೇಳುತ್ತಿದ್ದರು. ಹೇಳಿದರೆ ಕೇಳಿಸಿಕೊಳ್ಳುತ್ತಿರಲಿಲ್ಲ. ನೋಟದಲ್ಲಿ ಉಳಿದಿದ್ದ ಕಿಂಡಿಯೂ ಮುಚ್ಚಿತು. ಆ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ಸಂಜೆ ಕಾಲೇಜು ಮುಗಿಸಿ ಹೋಗಿ ಕೂರುತ್ತಿದ್ದೆ. ಕೊನೆಗೊಮ್ಮೆ ನನ್ನ ಕೈ ಹಿಡಿದು, "ಪೆಟ್ಟಿಗೆಗಳನ್ನ ಕೇಂದ್ರಕ್ಕೆ ಕೊಟ್ಬಿಡು, ಮನೇಲಿ ಇಟ್ಕೋಬೇಡ" ಎಂದರು. ಅದಾದ ಕೆಲವೇ ದಿನಕ್ಕೆ ತೀರಿಕೊಂಡರು. ಅರಕಲಗೂಡಿನ ಹತ್ತಿರ ಅವರ ಹೊಲದಲ್ಲಿ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು. ನನ್ನನ್ನು ಬಿಟ್ಟರೆ ಅವರ ಕೆಲಸ ಏನಾಗಿತ್ತೆಂದು ತಿಳಿದವರು ಅಲ್ಲಿ ಯಾರೂ ಇರಲಿಲ್ಲ.

ರಜೆ ಬಂದಾಗ ಪೆಟ್ಟಿಗೆಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಘಾಟಿ ಇಳಿದೆ. ಕೇಂದ್ರದಲ್ಲಿ ನಮ್ಮ ಕಾಲದವರು ಯಾರೂ ಇರಲಿಲ್ಲ. ಸಂಗ್ರಹ ನೋಡಿಕೊಳ್ಳುವಾಕೆ ಹೊಸಬಳು. ಮೇಡಂ ಅವರ ಆ ಸ್ಲೈಡ್ ತೆಗೆದು, ಈಗ ನಡೆಯುವ ಹೆಸರನ್ನು ಸಣ್ಣ ಚೀಟಿಯಲ್ಲಿ ಬರೆದು, ಹಳೆಯ ಚೀಟಿಯ ಪಕ್ಕದಲ್ಲಿ ಅಂಟಿಸಿದಳು. ಹಳೆಯದನ್ನು ಕೀಳಲಿಲ್ಲ. ಹಾಗೆ ಕೀಳುವಂತಿಲ್ಲ ಎಂಬುದು ನನಗೂ ಗೊತ್ತಿದ್ದ ಪದ್ಧತಿಯೇ. ಆದರೂ ಕಣ್ಣಾರೆ ನೋಡಿದಾಗ ಚಿಕ್ಕವ್ವನಿಗೆ ಹೇಳಬೇಕು ಅನ್ನಿಸಿತು. ಹೊರಗೆ ಬಂದು ಫೋನ್ ಮಾಡಿದೆ.

"ಹೆಸರು ತೆಗೆದಿಲ್ಲ ಚಿಕ್ಕವ್ವ. ಪಕ್ಕದಲ್ಲಿ ಇನ್ನೊಂದು ಅಂಟಿಸಿದಾರೆ ಅಷ್ಟೆ. ಅವ್ವನ ಹೆಸರು ಆ ಗಾಜಿನ ಮೇಲೆ ಹಂಗೇ ಇರುತ್ತೆ."

"ಇದು ಅಕ್ಕಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅಂಗಡಿಯಲ್ಲಿ ಯಾರೋ ಬಳೆಯ ಅಳತೆ ಕೇಳುತ್ತಿದ್ದುದು ಫೋನಿನಲ್ಲಿ ಕೇಳಿಸಿತು. ಚಿಕ್ಕವ್ವ ಅವರನ್ನು ಬಿಟ್ಟು ನನ್ನನ್ನೇ ಕೇಳಿದರು.

"ಮತ್ತೆ ನಂಗ್ಯಾಕೆ ಏಳ್ನಿಲ್ಲ?"

ಸಮಾಧಾನ ಹೇಳುವ ಅಭ್ಯಾಸ ಮೇಡಂಗಿರಲಿಲ್ಲ ಎಂದೆ. ಅದು ನಿಜವೇ. ಆದರೆ ನಾನೂ ಅಷ್ಟು ದಿನ ಅದೇ ಮನೆಗೆ ಹೋಗಿ ಬಂದು ಮಾಡುತ್ತಿದ್ದೆ, ಈ ಒಂದು ಮಾತು ಆಕೆಗೆ ಬೇಕಾಗಿರಬಹುದು ಎಂದು ನನಗೂ ತೋಚಿರಲಿಲ್ಲ.

"ಗಿರಾಕಿ ಬಂದವ್ರೆ, ಇಡ್ತೀನಿ" ಎಂದು ಚಿಕ್ಕವ್ವ ಫೋನ್ ಇಟ್ಟರು. ಈಗಲೂ ಹೊಳೆನರಸೀಪುರದ ಕಡೆ ಹೋದರೆ ಅಂಗಡಿಗೆ ಹೋಗುತ್ತೇನೆ. ಕಾಫಿ ಕೊಡುತ್ತಾರೆ, ನನ್ನ ಸಂಬಳದ ವಿಷಯ, ಮಗಳ ಮನೆಯ ವಿಷಯ ಮಾತಾಡುತ್ತೇವೆ. ಮೈಕ್ರೋಸ್ಕೋಪ್ ಇದ್ದ ಹಿಂದಿನ ಕೋಣೆಯಲ್ಲಿ ಈಗ ಬಳೆಯ ಡಬ್ಬಗಳನ್ನು ಸೂರಿನವರೆಗೂ ಪೇರಿಸಿದ್ದಾರೆ.