ಸಾಹೇಬರ ಎಂಜಿನ್ನು, ನಮ್ಮ ಎಂಜಿನ್ನು

ಮಧುಗಿರಿಯಲ್ಲಿ ಒಬ್ಬ ಸಾಹೇಬರು ಎಂಜಿನ್ನಿನಿಂದ ಓಡುವ ಎಣ್ಣೆ ಗಿರಣಿ ಹಾಕಿದ ವರ್ಷ, ದೊಡ್ಡೇರಿಯ ನಮ್ಮ ಎತ್ತಿನ ಗಾಣಕ್ಕೆ ಬರುತ್ತಿದ್ದ ಕಡಲೆಕಾಯಿ ಗಾಡಿಗಳು ಅತ್ತ ತಿರುಗಿದವು. ಆಗ ನಾನಿನ್ನೂ ಆ ಮನೆಗೆ ಹೊಸ ಸೊಸೆ.

“ಅವ್ವಾ, ಅವರದಕ್ಕಿಂತ ದೊಡ್ಡ ಎಂಜಿನ್ ತಂದು ಅವರ ಎದುರ್ಗೇ ಹಾಕ್ತೀನಿ” ಎಂದು ನಮ್ಮ ಯಜಮಾನರು ಹಾರಾಡಿದರು.

ಮಾವ ತೀರಿಕೊಂಡ ಮೇಲೆ ಗಾಣ ನಡೆಸುತ್ತಿದ್ದವರು ಅತ್ತೆ. “ಅದು ಕೆಟ್ರೆ ಹೆಂಗೆ ರಿಪೇರಿ ಮಾಡ್ಬೇಕು ಅಂತ ಗೊತ್ತೇನ್ಲಾ? ಅವರಿಗೂ ಗೊತ್ತಿಲ್ಲ. ಮೊದ್ಲು ಅವರು ಕಲೀಲಿ, ನಾವು ನೋಡಾನ.”

“ಊರೋರು ಹೆದರ್ಕಂಡ್ರು ಅಂತಾರೆ.”

“ಅನ್ಲಿ ಬುಡು.”

ಆ ಸುಗ್ಗಿಯಲ್ಲಿ ಅತ್ತೆ ನನ್ನನ್ನೂ ಕರೆದುಕೊಂಡು, ಕಡಲೆಬೀಜದ ಮೂಟೆ ಹೇರಿಸಿ, ಗಿರಾಕಿಯಾಗಿಯೇ ಸಾಹೇಬರ ಗಿರಣಿಗೆ ಹೋದರು. ಎಂಜಿನ್ ನಿಂತಿತ್ತು, ಗಾಡಿಗಳು ಸಾಲುಗಟ್ಟಿದ್ದವು. ನಮ್ಮ ಕಡೆಯ ಬಾವಿಯ ಗಡಸು ನೀರು, ಎಂಜಿನ್ ತಂಪು ಮಾಡುವ ಕೊಳವೆಯೊಳಗೆ ಸುಣ್ಣದ ಹಾಗೆ ಕಟ್ಟಿಕೊಂಡು ಎಂಜಿನ್ ಕಾದುಹೋಗಿತ್ತಂತೆ. ಸಾಹೇಬರು ಏನನ್ನೂ ಮುಚ್ಚಿಡಲಿಲ್ಲ. “ಮಳೆನೀರಿಗೆ ತೊಟ್ಟಿ ಕಟ್ಟಿಸ್ಬೇಕು ಅಮ್ಮಾ. ಮೊದ್ಲೇ ಗೊತ್ತಿದ್ರೆ ಈ ಪರೇಶಾನಿ ಇರ್ತಿರ್ಲಿಲ್ಲ.”

ಎಂಜಿನ್ ಕೊಳ್ಳದೆ ಕಾದು ಕೂರುವುದು ನಮಗೆ ಸುಲಭವಾಗಿರಲಿಲ್ಲ. ಎಳ್ಳು, ಹುಚ್ಚೆಳ್ಳು ಅರೆದು ಗಾಣ ಉಳಿಸಿಕೊಂಡೆವು. “ನಿಮ್ಮ ಎಂಜಿನ್ ಯಾವಾಗ ಬತ್ತದೆ ಕಣಮ್ಮ?” ಎಂದು ಸಂತೆಯಲ್ಲಿ ಹೆಂಗಸರು ನಕ್ಕರೆ ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಅತ್ತೆ ಮಾತ್ರ ಎಂಜಿನ್ನಿಗಿಂತ ಮೊದಲೇ ತೊಟ್ಟಿ ಕಟ್ಟಿಸಿದರು.

ಕೊನೆಗೆ ಎಂಜಿನ್ ಕೊಳ್ಳುವಾಗ ಯಜಮಾನರು ಹೊಸ ಕಂಪನಿಯದನ್ನು ತರಲು ಹೊರಟರು. ಅತ್ತೆ ಒಪ್ಪಲಿಲ್ಲ. ಸಾಹೇಬರದೇ ಕಂಪನಿಯದು, ಅದಕ್ಕಿಂತ ಚಿಕ್ಕದು, ಅದೂ ದೊಡ್ಡೇರಿಯಲ್ಲೇ ಎಂದು ಹಟ ಹಿಡಿದರು. ಕೊಳ್ಳುವ ಮೊದಲು ಸಾಹೇಬರನ್ನೇ ಹೋಗಿ ಕೇಳಿದರು. ಅವರು, “ಒಂದೇ ಎಂಜಿನ್ ರಿಪೇರಿಗೆ ಬೆಂಗಳೂರಿನ ಫಿಟ್ಟರು ಬರೋದಿಲ್ಲ ಅಂತಾನೆ. ಎರಡಿದ್ರೆ ಬಂದಾನು. ಹಾಕಿ” ಎಂದರು.

ನಮ್ಮ ಎಂಜಿನ್ ಮೊದಲ ಸುಗ್ಗಿಯಲ್ಲಿ ಒಮ್ಮೆಯೂ ಕಾದು ನಿಲ್ಲಲಿಲ್ಲ. ಹತ್ತಿರದ ಹಳ್ಳಿಯವರು ನಮ್ಮಲ್ಲಿಗೆ ಬಂದರು. ಪೇಟೆಯ ವ್ಯಾಪಾರವೆಲ್ಲ ಸಾಹೇಬರಲ್ಲೇ ಉಳಿಯಿತು.

ಆಮೇಲೆ ಎರಡನೇ ಮಹಾಯುದ್ಧ ಬಂತು. ಬಿಡಿಭಾಗಗಳು ಎಲ್ಲೂ ಸಿಗದಾದವು. ಒಮ್ಮೆ ಸಾಹೇಬರ ಎಂಜಿನ್ನಿನ ಎಣ್ಣೆ ಪಂಪು ಒಡೆಯಿತು. ಯಜಮಾನರು ತಾವೇ, ಒಂದೇ ಕಂಪನಿಯದಾದ್ದರಿಂದ ಅದಕ್ಕೂ ಹೊಂದುವ ನಮ್ಮ ಪಂಪು ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಮಧುಗಿರಿಗೆ ಒಯ್ದರು. ಬೇರೆಯದು ಸಿಗುವವರೆಗೂ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ, ಅದೇ ಪಂಪಿನಲ್ಲಿ ಎರಡೂ ಗಿರಣಿ ಓಡಿದವು.