ಟಾರ್ಪಾಲಿನ ಒಳಮಡಿಕೆ

ಕೋಣನಕುಂಟೆಯ ನಮ್ಮ ಅಂಗಡಿಯಲ್ಲಿ ಲಾರಿ, ಟೆಂಪೋಗಳ ಟಾರ್ಪಾಲು ಹೊಲಿಯುತ್ತೇವೆ. ಹೊಲಿಯುತ್ತಿದ್ದವರು ನನ್ನ ಯಜಮಾನರು. ಅವರು ತೀರಿಕೊಂಡ ಮೇಲೆ ನಾನು. ಹೋದವರು ಸುಮ್ಮನೆ ಹೋಗಬೇಕು ತಾನೆ? ಇವರು ಹೋಗಲಿಲ್ಲ. ಕನಕಪುರ ರಸ್ತೆಯಲ್ಲಿ ಯಾವುದೋ ಲಾರಿಯ ಟಾರ್ಪಾಲು ಗಾಳಿಗೆ ಪಟಪಟ ಬಡಿದುಕೊಂಡರೆ, ಅವರೇ ಬಟ್ಟೆ ಕೊಡವುತ್ತಿದ್ದಾರೆ ಅಂತ ತಿರುಗಿ ನೋಡುತ್ತೇನೆ. ಜಯನಗರದ ಬಸ್ಸಿನಲ್ಲಿ ಕೂತಿದ್ದರೂ ಅಷ್ಟೇ. ಪಕ್ಕದವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಿಕೊಳ್ಳಲಿ.

ಅವರಿಗೊಂದು ಅಭ್ಯಾಸವಿತ್ತು. ಅಂಚನ್ನು ಮೂರು ಮಡಿಕೆ ಹಾಕಿ ಹೊಲಿಯುವ ಮೊದಲು, ಗುರುತು ಹಾಕುವ ಸೀಮೆಸುಣ್ಣದ ಪುಡಿಯಲ್ಲಿ ಮೂರು ಬೆರಳು ಅದ್ದಿ, ಮೂಲೆಯ ಒಳಮಡಿಕೆಗೆ ವಿಭೂತಿಯ ಹಾಗೆ ಎಳೆಯುತ್ತಿದ್ದರು. ಹೊಲಿದುಬಿಟ್ಟರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

"ಟಾರ್ಪಾಲಿಗೂ ವಿಭೂತಿನಾ? ಲಿಂಗಾನೂ ಕಟ್ಟಿಬಿಡಿ," ಎಂದು ರೇಗಿಸುತ್ತಿದ್ದೆ.

"ಗಾಡಿ ದೂರ ಹೋಗುತ್ತೆ ಕಣೇ, ಇರ್ಲಿ," ಎನ್ನುತ್ತಿದ್ದರು.

ಕಳೆದ ಮಳೆಗಾಲಕ್ಕೆ ಮುಂಚೆ ಸುಬ್ರಹ್ಮಣ್ಯಪುರದ ತರಕಾರಿ ಟೆಂಪೋದವನು ಹಳೆಯ ಕ್ಯಾನ್ವಾಸ್ ಟಾರ್ಪಾಲೊಂದನ್ನು ತಂದು ಹಾಕಿದ. ಮೂಲೆ ಹರಿದು, ಹಗ್ಗ ಕಟ್ಟುವ ರಿಂಗು ಕಿತ್ತುಬಂದಿತ್ತು.

"ಅಣ್ಣ ಹೊಲಿದಿದ್ದು ಅಕ್ಕ. ಬೇರೆ ಕಡೆ ಕೊಡೋಕೆ ಮನಸ್ಸು ಬರ್ಲಿಲ್ಲ. ಸಂಜೆಗೆ ಸಿಗುತ್ತಾ?"

ತೇಪೆ ಹಾಕಬೇಕಾದರೆ ಮೂಲೆ ಬಿಚ್ಚಲೇಬೇಕು. ಅವರ ಹೊಲಿಗೆಯನ್ನು ನಾನು ಅದುವರೆಗೆ ಬಿಚ್ಚಿರಲಿಲ್ಲ. ಅವರದು ಅಂತ ಉಳಿದಿದ್ದೇ ಊರ ತುಂಬ ಓಡಾಡುವ ಈ ಹೊಲಿಗೆಗಳು. ಅದನ್ನೂ ನನ್ನ ಕೈಯಾರೆ ಬಿಚ್ಚುವುದೇ ಎಂದು ಸಂಕಟವಾಯಿತು. ಬ್ಲೇಡು ಹಿಡಿದು ಎಷ್ಟೋ ಹೊತ್ತು ಕೂತೆ.

ಕೊನೆಗೆ ಬಿಚ್ಚಿದೆ. ಹೊರಗೆಲ್ಲ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದ ಬಟ್ಟೆ ಮಡಿಕೆಯೊಳಗೆ ಇನ್ನೂ ಹಚ್ಚಹಸಿರಾಗಿತ್ತು. ನೀರು ಇಳಿಯದಂತೆ ಬಟ್ಟೆಗೆ ಬಳಿದ ಮೇಣದ ವಾಸನೆಯೂ ಹೋಗಿರಲಿಲ್ಲ. ಅದರ ಮೇಲೆ ಮೂರು ಬಿಳಿ ಗೆರೆ. ಮೂರನೆಯದು ಮಾತ್ರ ಅರ್ಧಕ್ಕೇ ತುಂಡಾಗಿತ್ತು. ಹಿಂದೊಮ್ಮೆ ಮಷೀನಿನ ಸೂಜಿ ಹೊಕ್ಕು ಅವರ ಉಂಗುರದ ಬೆರಳಿನ ತುದಿ ಸೊಟ್ಟಗಾಗಿತ್ತು; ಅದು ಬಟ್ಟೆಗೆ ಪೂರ್ತಿ ತಾಗುತ್ತಿರಲಿಲ್ಲ. ಈಗ ತಾನೇ ಗೆರೆ ಎಳೆದು, ಟೀ ಕುಡಿಯಲು ಎದ್ದುಹೋದ ಹಾಗಿತ್ತು. ಮುಟ್ಟಲು ಹೋದವಳು ಕೈ ಹಿಂದೆಗೆದುಕೊಂಡೆ. ಮುಟ್ಟಿದರೆ ಅಳಿಸಿಹೋಗುತ್ತದೆ.

ಅಷ್ಟು ತುಂಡನ್ನು ಕತ್ತರಿಸಿ ದೇವರ ಮುಂದೆ ಇಟ್ಟುಕೊಳ್ಳೋಣ ಅನ್ನಿಸಿತು. ಅವರನ್ನು ಇನ್ನೊಮ್ಮೆ ಬೀದಿಗೆ ಕಳಿಸಲು ಮನಸ್ಸಾಗಲಿಲ್ಲ. ಕತ್ತರಿ ಕೈಗೆ ತೆಗೆದುಕೊಂಡಾಗಲೇ ಟೆಂಪೋದವನು ಬಂದು ಬಾಗಿಲಲ್ಲಿ ನಿಂತ.

"ಆಯ್ತಾ ಅಕ್ಕ? ಮೋಡ ಕಟ್ಟಿದೆ. ಗಾಡಿ ತುಂಬ ಸೊಪ್ಪಿದೆ."

ಕತ್ತರಿ ಕೆಳಗಿಟ್ಟೆ. ಹೊರಗಿನಿಂದ ತೇಪೆ ಕೊಟ್ಟು, ಗೆರೆಗಳನ್ನು ಒಳಗಿಟ್ಟು, ಮೂರು ಮಡಿಕೆ ಹಾಕಿ ಹೊಲಿದುಕೊಟ್ಟೆ.

ಟೆಂಪೋ ತಿರುವು ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಆ ಮಡಿಕೆಯೊಳಗೆ ನೀರು ಇಳಿಯುವುದಿಲ್ಲ. ಹಾಗೆ ಮಡಿಸುವುದನ್ನು ನನಗೆ ಕಲಿಸಿದವರು ಅವರೇ.